ಶೇವರಾ ಎತ್ತು ಮತ್ತು ಸೋಮೇಶ್ವರನ ಹಳೇ ಕಾರ್ಡುಗಳು

ಮರಾಠಿ ಸೀಮೆಯ ಗಡಿಯೂರು ಉದಗೀರದ ಕಾಳಿನ ಪೇಟೆಯಲ್ಲಿ ತೊಗರಿ, ಸೋಯಾಬೀನಿನ ಚೀಲಗಳ ಸಾಲು ದಾಟಿ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲಿನ ಅಟ್ಟದಲ್ಲಿ ಸೋಮೇಶ್ವರನ ಕಂಪ್ಯೂಟರ್ ಅಂಗಡಿ ಸಿಗುತ್ತದೆ. ಈಗ ಅಲ್ಲಿ ನಡೆಯುವ ವ್ಯಾಪಾರವೆಲ್ಲ ಸಿಸಿಟಿವಿ ಕ್ಯಾಮೆರಾ ಮತ್ತು ಪ್ರಿಂಟರಿನ ಶಾಯಿಯದ್ದು. ಕಾಳಿನ ದಲ್ಲಾಳಿಗಳಾದ ಅಡತಿಯವರ ಗೋದಾಮಿಗೆ ಕ್ಯಾಮೆರಾ ಹಾಕುವುದು, ಶಾಲೆಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಇದರಲ್ಲೇ ಅವನ ದಿನ ಕಳೆಯುತ್ತದೆ. ಆದರೂ ಐವತ್ತರ ಹತ್ತಿರ ಬಂದ ಈ ಮನುಷ್ಯನನ್ನು ಊರು ಗುರುತಿಸುವುದು ಇವತ್ತಿಗೂ ‘ಗೇಮ್‌ವಾಲಾ ಸ್ವಾಮಿ’ ಅಂತಲೇ.

ಅವರದು ಅಯ್ಯನವರ ಮನೆತನ. ತಂದೆ ಪ್ರಭುಲಿಂಗಯ್ಯನವರು ಉದಗೀರ, ದೇವಣಿ ಕಡೆಯ ಭಕ್ತರ ಮನೆಗಳಲ್ಲಿ ಮದುವೆ, ಮನೆಯ ಶಾಂತಿ, ಕೂಸಿಗೆ ಲಿಂಗ ಕಟ್ಟುವುದು ಎಲ್ಲ ಮಾಡಿಸುತ್ತಿದ್ದವರು. ಮಗನಿಗೂ ಮಂತ್ರ ಬಾಯಿಪಾಠ ಮಾಡಿಸಿದ್ದರು. ಮಗ ಮಂತ್ರ ಕಲಿತ, ಆದರೆ ಅವನ ಮನಸ್ಸು ಲಾತೂರಿನಲ್ಲಿ ಕಲಿತು ಬಂದ ಕಂಪ್ಯೂಟರ್ ಜೋಡಿಸುವ ವಿದ್ಯೆಯ ಮೇಲೇ ನಿಂತಿತು. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲ ಅದು. ಊರಿನಲ್ಲಿ ಕಂಪ್ಯೂಟರ್ ಇದ್ದ ಮನೆಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಸೋಮೇಶ್ವರ ಅಂಗಡಿ ತೆರೆದಾಗ, ಅಯ್ಯನವರ ಮಗ ಜೋಳಿಗೆ ಬಿಟ್ಟು ಟೀವಿ ರಿಪೇರಿಗೆ ಕೂತ ಎಂದು ಪೇಟೆಯ ಮಂದಿ ಆಡಿಕೊಂಡರು.

ಕಂಪ್ಯೂಟರಿನ ಒಡಲೊಳಗಿನ ಎಲ್ಲಾ ಭಾಗಗಳಲ್ಲಿ ಅವನಿಗೆ ಹೆಚ್ಚಿನ ಪ್ರೀತಿ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅಂಗೈಗಿಂತ ತುಸು ದೊಡ್ಡದಾದ ಹಸಿರು ಫಲಕ ಅದು. ಪರದೆಯ ಮೇಲೆ ಚಿತ್ರ ಬಿಡಿಸುವ ಕೆಲಸವೆಲ್ಲ ಅದರದ್ದೇ. ಕಾರ್ಡು ತರಲು ಅವನು ರೈಲು ಹತ್ತಿ ಹೈದರಾಬಾದಿಗೆ ಹೋಗುತ್ತಿದ್ದ. ಹೊಸ ಕಾರ್ಡಿನ ಡಬ್ಬಿ ಬಿಚ್ಚಿದರೆ ಒಳಗೆ ಒಂದು ಗೇಮಿನ ಸೀಡಿ ಪುಕ್ಕಟೆಯಾಗಿ ಸಿಗುತ್ತಿತ್ತು. ಅದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿಟ್ಟರೆ ಕಾಲೇಜಿನ ಹುಡುಗರು ಆಡಲು ಬರುತ್ತಿದ್ದರು. ಸೀಡಿ ಹಾಕಿದ ಕೂಡಲೇ ಗೇಮು ಶುರುವಾಗುತ್ತಿರಲಿಲ್ಲ. ಮೊದಲು ಆ ಕಾರ್ಡ್ ಕಂಪನಿಯ ಗುರುತು ಗರಗರ ತಿರುಗಿ, ಮಿಂಚು ಹೊಡೆದು, ಆಮೇಲೆ ಆಟ ತೆರೆದುಕೊಳ್ಳುತ್ತಿತ್ತು. ಗೇಮು ಮಾಡಿದವರು ಒಬ್ಬರು, ಕಾರ್ಡು ಮಾಡಿದವರು ಇನ್ನೊಬ್ಬರು, ಇವರ ಗುರುತು ಅವರ ಬಾಗಿಲಲ್ಲಿ ಯಾಕೆ ಎಂಬುದು ಅವನಿಗೆ ಬಹಳ ದಿನ ತಿಳಿಯಲಿಲ್ಲ. ಹೈದರಾಬಾದಿನ ರಸ್ತೆ ಬದಿಯಲ್ಲಿ ಹಳೇ ಕಂಪ್ಯೂಟರ್ ಮಾಸಿಕಗಳ ಗುಡ್ಡೆ ಸಿಕ್ಕಾಗ ಅದನ್ನು ಹೊತ್ತು ತಂದು ಓದಿದ. ಕಾರ್ಡ್ ಕಂಪನಿಯವರು ತಮ್ಮ ಇಂಜಿನಿಯರುಗಳನ್ನು ಗೇಮು ಕಟ್ಟುವವರ ಮನೆಬಾಗಿಲಿಗೇ ಕಳಿಸುತ್ತಾರಂತೆ. ಅವರು ಅಲ್ಲಿ ಕೂತು ನೆರಳು, ನೀರು, ಹೊಗೆ ಎಲ್ಲ ತಮ್ಮ ಕಾರ್ಡಿನಲ್ಲಿ ಝಗಮಗಿಸುವ ಹಾಗೆ ತಿದ್ದಿಕೊಡುತ್ತಾರೆ. ಬದಲಿಗೆ ಆಟದ ಬಾಗಿಲಲ್ಲಿ ಅವರ ಗುರುತು ನಿಲ್ಲುತ್ತದೆ, ಅವರ ಡಬ್ಬಿಯಲ್ಲಿ ಆಟ ಕೂರುತ್ತದೆ. ಒಬ್ಬರ ಮಾಲು ಇನ್ನೊಬ್ಬರ ಮಾಲನ್ನು ಎತ್ತಿ ಹಿಡಿಯುತ್ತದೆ.

ಒಂದು ಮಧ್ಯಾಹ್ನ ಪ್ರಭುಲಿಂಗಯ್ಯನವರು ಯಾರದೋ ಮನೆಯ ಪೂಜೆ ಮುಗಿಸಿ, ಹೆಗಲ ಮೇಲೆ ಶಾಲು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದರು. ಪರದೆಯ ಮೇಲೆ ಕಾರಿನ ಪಂದ್ಯ ನಡೆದಿತ್ತು. ಬೈಯುತ್ತಾರೆ ಅಂದುಕೊಂಡು ಸೋಮೇಶ್ವರ ಎದ್ದು ನಿಂತ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಈ ರಸ್ತಾದ ಮ್ಯಾಲ ಮಳಿ ನೀರು ನಿಂತದಲ್ಲೋ, ಅದರಾಗ ಮುಗಿಲು ಕಾಣ್ಲತ್ತದ,” ಅಂದರು.

ಅಷ್ಟು ದಿನ ಆ ಆಟ ಆಡಿದವರಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಮಗ ಖುಷಿಯಿಂದ ಕಾರ್ಡು ತೋರಿಸಿದ, ಗೇಮಿನವರಿಗೂ ಕಾರ್ಡಿನವರಿಗೂ ಇರುವ ಒಪ್ಪಂದ ವಿವರಿಸಿದ. ಅವರು ತಲೆಯಾಡಿಸಿ, ಹಾಗಾದರೆ ಇದು ನಮ್ಮ ಮತ್ತು ನಮ್ಮ ಭಕ್ತ ಮನ್ಮಥಪ್ಪನ ಮನೆಯ ಲೆಕ್ಕವೇ, ಅವನಿಗೆ ಅಯ್ಯ ಬೇಕು, ಅಯ್ಯನಿಗೆ ಅವನು ಬೇಕು ಎಂದು ಹೇಳಿ, ಚಹಾ ಕುಡಿದು ಇಳಿದು ಹೋದರು. ಅಂದಿನಿಂದ ಅಂಗಡಿಯ ಮೇಲಿನ ಅವರ ಬೇಸರ ಹೋಯಿತು.

ಮನ್ಮಥಪ್ಪ ದೇವಣಿಯ ರೈತ, ಅಜ್ಜ ಮುತ್ತಜ್ಜನ ಕಾಲದಿಂದ ಇವರ ಮನೆಯ ಶಿಷ್ಯ. ಅವನ ಕೊಟ್ಟಿಗೆಯ ದೇವಣಿ ಎತ್ತುಗಳಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಕಾಳು ತಂದ ದಿನ, ಹರಾಜು ಆಗುವ ತನಕ ಎಲ್ಲಿ ಕೂರುವುದು ಎಂದು ಗುರುಗಳ ಮಗನ ಅಂಗಡಿಗೆ ಬರುತ್ತಿದ್ದ. ಹಾಗೆ ಬಂದವನಿಗೆ ಕಾರಿನ ಪಂದ್ಯದ ರುಚಿ ಹತ್ತಿತು. ತಲೆಗೆ ರುಮಾಲು ಸುತ್ತಿ, ಧೋತರ ಮೇಲೆತ್ತಿಕೊಂಡು ಕೀಬೋರ್ಡಿನ ಮುಂದೆ ಕೂತರೆ ಕಾರಿಗೂ ಎತ್ತಿಗೆ ಹೇಳಿದ ಹಾಗೇ ಹೈ ಹೈ ಅನ್ನುತ್ತಿದ್ದ. ತಿರುವು ಬಂದಾಗ ಬೆರಳಿಗಿಂತ ಮೈಯೇ ಹೆಚ್ಚು ವಾಲುತ್ತಿತ್ತು. ಕಾಲೇಜಿನ ಹುಡುಗರು ಅವನ ಹಿಂದೆ ನಿಂತು ನಗುತ್ತಿದ್ದರು, ಆಮೇಲೆ ಸೋತು ಸುಮ್ಮನಾಗುತ್ತಿದ್ದರು.

ಆ ದಿನಗಳು ಈಗಲೂ ಸೋಮೇಶ್ವರನ ಕಣ್ಣಿಗೆ ಕಟ್ಟಿದಂತಿವೆ. ಕರೆಂಟು ಹೋದರೆ ಎಲ್ಲರೂ ಕೆಳಗಿಳಿದು ಚುರುಮುರಿ ತಿನ್ನುತ್ತ ಕಾಯುವುದು, ಕರೆಂಟು ಬಂದೊಡನೆ ಮೆಟ್ಟಿಲ ಮೇಲೆ ಓಟ. ಡಬ್ಬಿಯಂಥ ದೊಡ್ಡ ಮಾನಿಟರುಗಳ ಬಿಸಿಯ ವಾಸನೆ. ದೂರದ ಊರಿನವರು ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಕೂಸಿನ ಹಾಗೆ ತರುತ್ತಿದ್ದರು.

ಹಾಗೆ ತಂದವರಲ್ಲಿ ಔರಾದ ಶಹಾಜನಿಯ ಗೆಳೆಯರ ಒಂದು ಗುಂಪಿತ್ತು. ಎಲ್ಲರೂ ಕೂಡಿ ಒಂದೇ ಕಂಪ್ಯೂಟರ್ ತೆಗೆದುಕೊಂಡಿದ್ದರು, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಇಡುತ್ತಿದ್ದರು. ಅವರು ವರ್ಷವಿಡೀ ದಾರಿ ಕಾಯ್ದಿದ್ದ ಒಂದು ಸಮುದ್ರದ ಆಟ ಬಂತು. ಅದನ್ನು ಹಾಕಿದರೆ ಹಡಗು ಕಾಣುತ್ತದೆ, ಆಕಾಶ ಕಾಣುತ್ತದೆ, ಸಮುದ್ರ ಇರಬೇಕಾದಲ್ಲಿ ಮಾತ್ರ ಕಾಡಿಗೆ ಬಳಿದಂತೆ ಕಪ್ಪು. ಸೋಮೇಶ್ವರ ಆ ಮಧ್ಯಾಹ್ನವೆಲ್ಲ ಗುದ್ದಾಡಿದ. ಕೊನೆಗೆ ಹೈದರಾಬಾದಿನ ವ್ಯಾಪಾರಿಗೆ ಫೋನು ಮಾಡಿದಾಗ ಗೊತ್ತಾಯಿತು: ಆ ಗೇಮನ್ನು ಇನ್ನೊಂದು ಕಾರ್ಡ್ ಕಂಪನಿಯವರು ಜೊತೆಗೂಡಿ ಮಾಡಿಸಿದ್ದಾರೆ, ನೀರು ಕಾಣುವುದು ಅವರ ಹೊಸ ಕಾರ್ಡಿನಲ್ಲಿ ಮಾತ್ರ. ಅವನು ಆ ಮಾತು ತಿಳಿಸಿದಾಗ ಗೆಳೆಯರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ಚಾದರ ಕಟ್ಟುತ್ತ, “ಇರ್ಲಿ ಬಿಡ್ರಿ, ನೀರಿಲ್ದೇ ಹಡಗ ನಡಸ್ತೀವಿ,” ಅಂದ. ಎಲ್ಲರೂ ನಕ್ಕರು. ಬಸ್ ಸ್ಟ್ಯಾಂಡಿನ ಕಡೆ ಆ ಗಂಟು ಹೊತ್ತು ನಡೆದ ಅವರ ಬೆನ್ನನ್ನು ಸೋಮೇಶ್ವರ ಅಟ್ಟದ ಮೇಲಿಂದ ಬಹಳ ಹೊತ್ತು ನೋಡಿದ. ಅವನಿಗೆ ನಗು ಬರಲಿಲ್ಲ.

ಮುಂದೆ ಮೊಬೈಲು ಬಂತು, ಆಟವೆಲ್ಲ ಅಂಗೈಗೆ ಇಳಿಯಿತು. ಕಾಲೇಜಿನ ಹುಡುಗರು ಮೆಟ್ಟಿಲು ಹತ್ತುವುದು ಬಿಟ್ಟರು. ಪ್ರಭುಲಿಂಗಯ್ಯನವರು ಲಿಂಗೈಕ್ಯರಾದ ಮೇಲೆ ಭಕ್ತರ ಮನೆಗಳ ಕೆಲಸವೂ ಮಗನ ಹೆಗಲಿಗೇ ಬಂತು. ಮುಂಜಾನೆ ಪೂಜೆ, ಹೊತ್ತೇರಿದ ಮೇಲೆ ಅಂಗಡಿ, ಹೀಗೆ ದಿನಗಳು ಸಾಗಿದವು. ಮಂದಿ ಹೊಸದು ಕೊಂಡು ಬಿಟ್ಟುಹೋದ ಹಳೇ ಕಾರ್ಡುಗಳನ್ನು ಮಾತ್ರ ಅವನು ಗುಜರಿಯವನಿಗೆ ಕೊಡಲಿಲ್ಲ. ಹಿಂದಿನ ಗೋಡೆಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿಟ್ಟ. ಹೆಂಡತಿ ಸಾರಿಕಾ ದೀಪಾವಳಿಗೊಮ್ಮೆ ಅವುಗಳ ಧೂಳು ಜಾಡಿಸುತ್ತ, ಇವಕ್ಕೂ ಒಂದು ಪತ್ರೆ ಏರಿಸಿಬಿಡ್ರಿ ಎಂದು ಚೇಷ್ಟೆ ಮಾಡುತ್ತಿದ್ದಳು.

ಲಾಕ್‌ಡೌನು ಮುಗಿದು ಪೇಟೆ ಮತ್ತೆ ಗಿಜಿಗುಡತೊಡಗಿದಾಗ ಮನ್ಮಥಪ್ಪನ ಮಗಳು ಮನಿಷಾ ಅಂಗಡಿಗೆ ಬಂದಳು. ಉದಗೀರದ ಕಾಲೇಜಿನಲ್ಲೇ ಕಂಪ್ಯೂಟರ್ ಓದಿದವಳು. ಊರು ಬಂದ್ ಆಗಿದ್ದ ಆ ದಿನಗಳಲ್ಲಿ ಮನೆಯಲ್ಲಿ ಕೂತು ಗೇಮು ಕಟ್ಟುವುದು ಕಲಿತಿದ್ದಳು, ಕಲಿತು ಒಂದು ಗೇಮೂ ಕಟ್ಟಿದ್ದಳು. ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಉದಗೀರದ ದನದ ಪೇಟೆಯಲ್ಲಿ ಒಡೆಯನಿಂದ ತಪ್ಪಿಸಿಕೊಂಡ ಒಂದು ಎತ್ತು ದೇವಣಿಯ ತನ್ನ ಕೊಟ್ಟಿಗೆ ಹುಡುಕುತ್ತ ಹೊರಡುತ್ತದೆ. ದಾರಿ ತಪ್ಪಿ ಕೋಟೆ ಸುತ್ತುತ್ತದೆ, ನಿಲಂಗಾ ಸೇರುತ್ತದೆ, ಔರಾದದ ಹತ್ತಿರ ಮಾಂಜರಾ ನದಿ ದಾಟುತ್ತದೆ. ಆಡುವವರು ಎತ್ತಾಗಿ ನಡೆಯಬೇಕು. ಬಿಳಿ ಮೈಮೇಲೆ ಕರಿ ಮಚ್ಚೆಯ ಎತ್ತು ಅದು. ಅಂಥದಕ್ಕೆ ಆ ಕಡೆ ‘ಶೇವರಾ’ ಅನ್ನುತ್ತಾರೆ.

“ಸ್ವಾಮಿ ಕಾಕಾ, ನನ್ನ ಮಷಿನ್ನಿನಾಗ ಛಲೋ ನಡೀತದ. ಮಂದಿ ಬಲ್ಲಿ ಇರೋ ಹಳೇ ಮಷಿನ್ನಿನಾಗ ಹೆಂಗ ನಡೀತದ, ಅದು ನೋಡ್ಬೇಕಾಗ್ಯದ. ಅಪ್ಪ ಹೇಳಿದ, ಎಲ್ಲಾ ಕಾರ್ಡ್ ನಿಮ್ಮ ಬಲ್ಲಿ ಅವ ಅಂತ.”

ಸೋಮೇಶ್ವರ ಎದ್ದು ಹಿಂದಿನ ಗೋಡೆಯ ಹತ್ತಿರ ಹೋದ. ಹಲಗೆಯಿಂದ ಮೊದಲನೇ ಕಾರ್ಡು ಇಳಿಸಿ ಅಂಗಿಯ ತುದಿಯಿಂದ ಒರೆಸಿದ.

ಅಲ್ಲಿಂದ ಸಂತೆಯ ದಿನ ಬಂತೆಂದರೆ ಮನಿಷಾ ದೇವಣಿಯ ಬಸ್ಸಿಗೆ ಬಂದಳು ಅಂತಲೇ ಲೆಕ್ಕ. ಒಂದೊಂದೇ ಕಾರ್ಡು ಹಾಕಿ ಎತ್ತನ್ನು ನಡೆಸಿ ನೋಡುವುದು, ಎಲ್ಲಿ ಎಡವುತ್ತದೆ ನೋಡಿ ಆಕೆ ತಿದ್ದುವುದು. ಒಂದು ಕಾರ್ಡಿನಲ್ಲಂತೂ ಎತ್ತು ಮುಂದೆ ನಡೆದರೆ ಅದರ ಕರಿ ಮಚ್ಚೆಗಳು ಒಂದು ಮಾರು ಹಿಂದೆ ಗಾಳಿಯಲ್ಲಿ ತೇಲುತ್ತ ಬಂದವು. ಮಗಳ ಜೊತೆಗೆ ಬಂದಿದ್ದ ಮನ್ಮಥಪ್ಪ ಅದನ್ನು ನೋಡಿ ನಕ್ಕು ಕೆಮ್ಮಿ, ನೀರು ಕೇಳಿದ. ಇನ್ನೊಂದರಲ್ಲಿ ಉದಗೀರದ ಕೋಟೆ ತಲೆಕೆಳಗಾಗಿ ನಿಂತಿತ್ತು. ಅಂಗಡಿಯಲ್ಲಿ ಅಷ್ಟು ನಗು ಕೇಳಿ ಎಷ್ಟು ವರ್ಷವಾಗಿತ್ತೋ. ಕೆಳಗಿನ ಅಡತಿಯವರೂ ಏನು ನಡೆದಿದೆ ಎಂದು ಹತ್ತಿ ಬಂದು ನೋಡತೊಡಗಿದರು.

ಆಟದ ಮೊದಲ ಭಾಗವನ್ನು ಮನಿಷಾ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಳು. ಅದು ಎಲ್ಲೆಲ್ಲೋ ಹರಡಿತು. ಕೆಲವು ತಿಂಗಳ ಮೇಲೆ ಪುಣೆಯಲ್ಲಿ ಆಫೀಸಿದ್ದ ಒಂದು ಕಾರ್ಡ್ ಕಂಪನಿಯಿಂದ ಆಕೆಗೆ ಸಂದೇಶ ಬಂತು, ಹಿಂದೆಯೇ ಮೀನಲ ಎಂಬ ಇಂಜಿನಿಯರಮ್ಮನೂ ಬಂದಳು. ಗೇಮು ಕಟ್ಟುವವರ ಜೊತೆ ಕಂಪನಿಯ ಸಂಬಂಧ ಬೆಳೆಸುವುದೇ ಆಕೆಯ ಕೆಲಸ. ಯಾವ ಸಂಗತಿಯನ್ನು ಸೋಮೇಶ್ವರ ಹಳೇ ಮಾಸಿಕಗಳಲ್ಲಿ ಓದಿದ್ದನೋ ಅದು ಅವನ ಕಬ್ಬಿಣದ ಮೆಟ್ಟಿಲು ಹತ್ತಿ, ಬೆವರು ಒರೆಸಿಕೊಂಡು, ಅವನೆದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿತು. ಕುಡಿಯಲು ಏನು ಕೊಡಲಿ ಎಂದು ಕೇಳುವುದೂ ಅವನಿಗೆ ಮರೆತುಹೋಯಿತು.

ಮೀನಲ ಮರಾಠಿಯಲ್ಲೇ ಮಾತು ತೆಗೆದಳು. ತನ್ನ ಕಂಪನಿ ಮನಿಷಾಳಿಗೆ ಹೊಸ ಕಾರ್ಡು ಕೊಡುತ್ತದೆ, ಇಂಜಿನಿಯರುಗಳನ್ನು ಕೊಡುತ್ತದೆ, ಆಟವನ್ನು ತನ್ನ ಡಬ್ಬಿಯಲ್ಲಿಟ್ಟು ಊರೂರಿಗೆ ಮುಟ್ಟಿಸುತ್ತದೆ. ಬದಲಿಗೆ ಆಟದ ಮುಂಬಾಗಿಲಲ್ಲಿ ಕಂಪನಿಯ ಗುರುತು ಇರಬೇಕು. ಆಮೇಲೆ ತಾನು ಮಾಡಿ ತಂದಿದ್ದ ಒಂದು ಮಾದರಿ ತೆರೆದಳು. ಅದೇ ಎತ್ತು. ಆದರೆ ಮೈತುಂಬ ಕೂದಲು. ಗಾಳಿ ಬೀಸಿದರೆ ಕೂದಲು ಸೀಳಿ ಒಳಗಿನ ಚರ್ಮ ಕಾಣುತ್ತಿತ್ತು. ನದಿಯಿಂದ ಎದ್ದು ಬಂದಾಗ ಮೈ ಒದ್ದೆಯಾಗಿ ಅಂಟಿಕೊಂಡು, ಬಾಲದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗಳ ಪಕ್ಕ ಕೂತಿದ್ದ ಮನ್ಮಥಪ್ಪ ಕೈ ಚಾಚಿ, ಪರದೆಯ ಮೇಲೆ ಎತ್ತಿನ ಹೆಗಲು ಇದ್ದಲ್ಲಿ ಬೆರಳಾಡಿಸಿದ.

ಆಮೇಲೆ ಕಷ್ಟದ ಮಾತು ಬಂತು. ಕೂದಲಿನ ಎತ್ತು ಬೇಕೆಂದರೆ ಹಳೆಯ ಎತ್ತನ್ನು ಬಿಡಬೇಕು. ಎರಡನ್ನೂ ಸಾಕುವುದು ದುಪ್ಪಟ್ಟು ಕೆಲಸ, ಕಂಪನಿ ಅದಕ್ಕೆ ಆಳು ಕೊಡುವುದಿಲ್ಲ. ಅಂದರೆ ಆಟ ನಡೆಯುವುದು ಹೊಸ ಕಾರ್ಡುಗಳಲ್ಲಿ ಮಾತ್ರ.

ಮನಿಷಾ ಸೋಮೇಶ್ವರನ ಮುಖ ನೋಡಿದಳು. ಅವನು ಎದ್ದು ಮೀನಲಳನ್ನು ಹಿಂದಿನ ಗೋಡೆಯ ಹತ್ತಿರ ಕರೆದೊಯ್ದ. ವಾದ ಮಾಡಲು ಅವನಿಗೆ ಬರುತ್ತಿರಲಿಲ್ಲ. ಹಲಗೆಯ ಮೇಲಿನ ಒಂದು ಕಾರ್ಡು ತೆಗೆದು ಆಕೆಯ ಕೈಗಿಟ್ಟು, ಔರಾದದ ಗೆಳೆಯರ ಕತೆ ಹೇಳಿದ. ನೀರಿಲ್ಲದ ಸಮುದ್ರದ ಮೇಲೆ ಹಡಗು ನಡೆಸಲು ಅವರು ಚಾದರದ ಗಂಟು ಹೊತ್ತು ಹೋದದ್ದನ್ನು ಹೇಳಿದ.

ಮೀನಲ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, ಎಲ್ಲರೂ ಬೆರಗಾಗುವಂತೆ, ತಡವರಿಸುತ್ತ ಕನ್ನಡದಲ್ಲಿ ಮಾತಾಡಿದಳು.

“ನಮ್ಮ ಅಜ್ಜಿ ಉಮರ್ಗಾದಾಕಿ. ಕಸ್ತೂರಬಾಯಿ ಅಂತ, ಕನ್ನಡಾನೇ ಮಾತಾಡ್ತಿದ್ಳು. ಸಾಲಿ ಸೂಟಿಗೆ ಅಲ್ಲೇ ಇರ್ತಿದ್ದಿವಿ. ಮಾಮಾನ ಕಂಪ್ಯೂಟರಿನಾಗ ಒಂದು ಗೇಮ್ ಇತ್ತು, ಮಂದಿಗಿ ಮುಖಾನೇ ಬರ್ತಿರ್ಲಿಲ್ಲ. ಬರೇ ಕಣ್ಣು, ಹಲ್ಲು. ನಾವು ಅದು ಭೂತದ ಗೇಮ್ ಅಂತ ತಿಳ್ಕೊಂಡು ಪೂರಾ ಸೂಟಿ ಆಡಿದಿವಿ.”

ದೊಡ್ಡವಳಾದ ಮೇಲೆ ಪುಣೆಯಲ್ಲಿ ಅದೇ ಆಟವನ್ನು ಮುಖಗಳ ಸಮೇತ ನೋಡಿದಳಂತೆ. ಅದು ಮದುವೆ ಮನೆಯ ಕತೆಯಾಗಿತ್ತಂತೆ. ಅದನ್ನು ಹೇಳಿ ಮೀನಲ ನಕ್ಕಳು, ಸೋಮೇಶ್ವರನೂ ನಕ್ಕ. ಆಮೇಲೆ ಅವರಿಬ್ಬರೂ ಆ ಕಾಲದ ಆಟ, ಆ ಕಾಲದ ಸೀಡಿ, ಗೀಚು ಬಿದ್ದ ಸೀಡಿಯನ್ನು ಅಂಗಿಗೆ ಉಜ್ಜಿ ನಡೆಸಿದ್ದು, ಇವನ್ನೆಲ್ಲ ಮಾತಾಡುತ್ತ ಕೂತುಬಿಟ್ಟರು. ಸಾರಿಕಾ ಕೆಳಗಿನಿಂದ ಚಹಾ ತಂದಾಗ, ಅವಳಿಗೆ ಅವರು ಬಹಳ ದಿನಕ್ಕೆ ಭೇಟಿಯಾದ ಸಂಬಂಧಿಕರಂತೆ ಕಂಡರು.

ಹೊರಡುವ ಮುಂಚೆ ಮನಿಷಾ ತನ್ನ ಮಾತು ಹೇಳಿದಳು. ಎರಡೂ ಎತ್ತು ಇರಲಿ, ಹೊಸ ಕಾರ್ಡಿನವರಿಗೆ ಕೂದಲಿನದ್ದು, ಹಳೇ ಕಾರ್ಡಿನವರಿಗೆ ಬರೀ ಬಣ್ಣ ಬಳಿದದ್ದು; ಹಳೆಯದರ ಕೆಲಸವೆಲ್ಲ ತನ್ನದು, ಪರೀಕ್ಷೆ ಸ್ವಾಮಿ ಕಾಕಾನದ್ದು. ಮೀನಲ ತನ್ನ ಕೈಯಲ್ಲಿ ತೀರ್ಮಾನವಿಲ್ಲ, ಮೇಲಿನವರು ಒಪ್ಪಲಿಕ್ಕಿಲ್ಲ ಎಂದು ಇದ್ದದ್ದು ಇದ್ದ ಹಾಗೆ ತಿಳಿಸಿ ಹೋದಳು.

ವಾರಗಳು ಕಳೆದರೂ ಉತ್ತರ ಬರಲಿಲ್ಲ. ತನ್ನ ಹಳೇ ಹಂಬಲದ ಕತೆ ಹೇಳಿ ಆ ಹುಡುಗಿಯ ಬಾಗಿಲು ಮುಚ್ಚಿದೆನೇನೋ ಎಂದು ಸೋಮೇಶ್ವರ ಅಳುಕಿದ. ಶ್ರಾವಣ ಸೋಮವಾರದ ಪೂಜೆಗೆ ದೇವಣಿಗೆ ಹೋದಾಗ, ಪ್ರಸಾದವಾದ ಮೇಲೆ ಕೊಟ್ಟಿಗೆಯ ಹತ್ತಿರ ಮನಿಷಾಳನ್ನು ಕರೆದು ಹೇಳಿದ.

“ನನ್ನ ಸಲುವಾಗಿ ನಿಂದ್ರಬ್ಯಾಡವ್ವಾ. ಅವರು ಹೇಳ್ದಂಗ ಮಾಡು. ಕೂದಲಿನ ಎತ್ತು ಭಾಳ ಛಂದ ಅದ.”

ಆಕೆ ಎತ್ತಿನ ಮುಂದೆ ಜೋಳದ ಕಣಕಿ ಮೇವು ಹಾಕುತ್ತ ತಿರುಗಿ ನೋಡದೆ ಅಂದಳು: “ನಿಮ್ಮ ಸಲುವಾಗಿ ಅಲ್ರಿ ಕಾಕಾ. ನನ್ನ ಗೆಳತ್ಯಾರ ಬಲ್ಲಿ ಇರೋದೇ ಹಳೇ ಮಷಿನ್. ಅವ್ರು ಆಡ್ಲಿಕ್ಕಾಗದ ಗೇಮ್ ನಾ ಯಾರಿಗಿ ತೋರಿಸ್ಲಿ?”

ಆ ಮಾತು ಕೇಳಿದ ಮೇಲೆ ಸೋಮೇಶ್ವರನಿಗೆ ಊರಿಗೆ ಬರುವ ಬಸ್ಸಿನಲ್ಲಿ ಕಣ್ತುಂಬ ನಿದ್ದೆ ಬಂತು.

ಉತ್ತರ ಬಂದದ್ದು ಸುಗ್ಗಿಯ ಹೊತ್ತಿಗೆ. ಕಂಪನಿ ಅರ್ಧ ಒಪ್ಪಿತ್ತು. ಡಬ್ಬಿಯಲ್ಲಿ ಆಟ ಇಡುವುದಿಲ್ಲ, ಊರೂರಿಗೆ ಮುಟ್ಟಿಸುವ ಮಾತಿಲ್ಲ. ಆದರೆ ಕೂದಲಿನ ಕೆಲಸ ಮಾಡಿಕೊಡುತ್ತದೆ, ಹಳೇ ಎತ್ತನ್ನು ಮನಿಷಾ ಇಟ್ಟುಕೊಳ್ಳಬಹುದು, ಮುಂಬಾಗಿಲಲ್ಲಿ ಗುರುತು ಇರಬೇಕು. ಮನಿಷಾ ಒಪ್ಪಿದಳು. ಆ ಬೇಸಿಗೆಯೆಲ್ಲ ಅಟ್ಟದ ಅಂಗಡಿಯಲ್ಲಿ ಜಾತ್ರೆಯಂಥ ಗದ್ದಲ. ಮೀನಲ ಪುಣೆಯಿಂದ ವಿಡಿಯೋದಲ್ಲಿ, ಮನಿಷಾ ಇಲ್ಲಿ, ನಡುವೆ ಸೋಮೇಶ್ವರ ಒಂದು ಕಾರ್ಡು ಕಿತ್ತು ಇನ್ನೊಂದು ಹಾಕುತ್ತ. ಕ್ಯಾಮೆರಾ ಕೆಟ್ಟಿದೆ ಎಂದು ಅಡತಿಯವರು ಫೋನು ಮಾಡಿದರೆ, ಎತ್ತು ನದಿ ದಾಟಲಿ ಬರುತ್ತೇನೆ ಅನ್ನುತ್ತಿದ್ದ. ಕೂದಲು ಎಷ್ಟು ಚೆಂದ ಬಂದರೂ ಮನ್ಮಥಪ್ಪನಿಗೆ ಒಂದು ತಕರಾರು ಇದ್ದೇ ಇತ್ತು, ದೇವಣಿ ಎತ್ತಿನ ಮೈ ಇಷ್ಟು ಕೆದರಿಕೊಂಡಿರುವುದಿಲ್ಲ, ರೇಷ್ಮೆಯ ಹಾಗೆ ಕೂರಬೇಕು ಅಂತ. ಪುಣೆಯ ಇಂಜಿನಿಯರುಗಳು ಅವನ ಕೊಟ್ಟಿಗೆಯ ಎತ್ತಿನ ವಿಡಿಯೋ ತರಿಸಿಕೊಂಡು ನೋಡಿ ಮತ್ತೆ ಮತ್ತೆ ತಿದ್ದಿದರು.

ಆಟ ಬಿಡುಗಡೆಯಾದ ಮುಂಜಾನೆ ಸೋಮೇಶ್ವರ ಹಳೇ ಗಿರಾಕಿಗಳನ್ನು ಕರೆದಿದ್ದ. ಒಂದು ಕಾಲಕ್ಕೆ ಕರೆಂಟು ಬಂದೊಡನೆ ಮೆಟ್ಟಿಲ ಮೇಲೆ ಓಡಿದ್ದವರು ಈಗ ಮೆಲ್ಲಗೆ ಕಂಬಿ ಹಿಡಿದು ಹತ್ತಿ ಬಂದರು. ಒಬ್ಬ ಮಾಸ್ತರ ಆಗಿದ್ದ, ಒಬ್ಬನದು ಕಿರಾಣಿ, ಒಬ್ಬನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಂಗಡಿಯಲ್ಲಿ ಒಂದು ಹಳೇ ಮಷಿನು, ಒಂದು ಹೊಸ ಮಷಿನು ಅಕ್ಕಪಕ್ಕ ಇಟ್ಟಿದ್ದ. ಎರಡರಲ್ಲೂ ಕಂಪನಿಯ ಗುರುತು ತಿರುಗಿತು. ಆಮೇಲೆ ಒಂದರಲ್ಲಿ ಕೂದಲಿನ ಎತ್ತು, ಇನ್ನೊಂದರಲ್ಲಿ ಬಣ್ಣದ ಎತ್ತು ಒಟ್ಟಿಗೆ ತಲೆಯೆತ್ತಿ ಉದಗೀರದ ಪೇಟೆ ನೋಡಿದವು. ಮಂದಿ ಮೊದಲು ಹೊಸದರ ಮುಂದೆ ಮುಗಿಬಿದ್ದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಆಟದಲ್ಲಿ ಮುಳುಗಿದವರಿಗೆ ಯಾವ ಮಷಿನು ಎಂಬುದರ ಪರಿವೆಯೇ ಇರಲಿಲ್ಲ. ಅಪ್ಪ ಇದ್ದಿದ್ದರೆ ಇವತ್ತು ಏನು ಕಾಣುತ್ತಿದ್ದರೋ ಎಂದು ಸೋಮೇಶ್ವರನಿಗೆ ಅನಿಸಿತು, ಕಣ್ಣು ಒದ್ದೆಯಾದವು. ಕೆಳಗೆ ಹೋಗಿ ಎಲ್ಲರಿಗೂ ಚಹಾ ಹೇಳಿ ಬಂದ.

ವರ್ಷ ಕಳೆಯುವುದರೊಳಗೆ ಆ ಕಂಪನಿ ಸಣ್ಣ ಗೇಮಿನವರ ಜೊತೆಗಿನ ಒಪ್ಪಂದದ ವಿಭಾಗವನ್ನೇ ಮುಚ್ಚಿತು. ಮೀನಲ ಬೇರೆ ಕಡೆ ಕೆಲಸಕ್ಕೆ ಸೇರಿದಳು, ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ಎತ್ತಿನ ಆಟ ಮಾತ್ರ ನಡೆದೇ ಇದೆ. ದೊಡ್ಡ ಹೆಸರಾಗಲಿಲ್ಲ, ಆದರೆ ಮನಿಷಾ ಎರಡನೇ ಆಟ ಕಟ್ಟುವಷ್ಟು ಧೈರ್ಯ ಅದರಿಂದ ಬಂತು. ಸಂತೆಯ ದಿನ ಆಕೆ ಈಗಲೂ ಬರುತ್ತಾಳೆ.

ಮೊನ್ನೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಸೋಮೇಶ್ವರ ಊಟ ಮುಗಿಸಿ ಮೆಟ್ಟಿಲು ಹತ್ತಿ ಬಂದರೆ, ಇಷ್ಟು ವರ್ಷದಲ್ಲಿ ಒಂದು ಆಟವನ್ನೂ ಮುಟ್ಟದ ಸಾರಿಕಾ ಹಳೇ ಮಷಿನಿನ ಮುಂದೆ ಕೂತಿದ್ದಳು. ಎತ್ತು ನಿಲಂಗಾ ಸೇರಿತ್ತು. ಅದು ಅವಳ ತವರು. ನೀಲಕಂಠೇಶ್ವರ ಗುಡಿಯ ಸುತ್ತ ಎತ್ತನ್ನು ತಿರುಗಿಸುತ್ತ ತಿರುಗಿಸುತ್ತ ಅವಳು ಏನೋ ಹುಡುಕುತ್ತಿದ್ದಳು. ಏನೆಂದು ಕೇಳಿದ.

“ಗುಡಿ ಬರೋಬರ್ ಮಾಡ್ಯಾಳ,” ಅಂದಳು ಸಾರಿಕಾ, ಪರದೆಯಿಂದ ಕಣ್ಣು ತೆಗೆಯದೆ. “ಹಿಂದಿನ ಓಣಿ ತಪ್ಪ್ಯಾಳ. ನಮ್ಮ ಮನಿ ಎಡಕ್ಕ ಬರ್ತದ, ಮುಂದ ಬೇವಿನ ಗಿಡ ಇತ್ತು. ಮನಿಷಾ ಬಂದ್ರ ನನ್ನ ಬಲ್ಲಿ ಕಳಸ್ರಿ, ಕೂಡ್ರಿಸಿ ಹೇಳ್ತೀನಿ.”

ಸೋಮೇಶ್ವರ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಬೇವಿನ ಗಿಡದ ಆಚೆ ಇನ್ನೇನಿತ್ತು ಎಂದು ಕೇಳಿದ. ಅವಳು ಹೇಳತೊಡಗಿದಳು.